ಕುದಿನೀರಿನ ಬ್ರೆಡ್ಡು

ಡಿಸೆಂಬರ್ ಮೂವತ್ತೊಂದಕ್ಕೆ ನಾನು ರಜೆ ಹಾಕಿದ್ದು ಬ್ರೆಡ್ ಮಾಡುವುದಕ್ಕೆಂದು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೊಟ್ಟೆನೋವು ಎಂದಿದ್ದೆ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆ ದಿನ ಸಂಜೆ ಆರು ಗಂಟೆಗೆ ಎಸ್‌ಟಿಡಿ ಬೂತಿನಿಂದ ಊರಿಗೆ ಒಂದು ಫೋನು ಮಾಡಬೇಕಿತ್ತು. ಅದರ ಯೋಚನೆಯಲ್ಲಿ ವಾರದಿಂದ ಊಟ ಸೇರುತ್ತಿರಲಿಲ್ಲ.

ಫೋನಿನಲ್ಲಿ ಹೇಳಬೇಕಾಗಿದ್ದು ಇಷ್ಟೇ. ಬರುವ ಜೂನಿನಿಂದ ನಮ್ಮ ಮಗಳು ಭಾಗ್ಯಜ್ಯೋತಿಯನ್ನು ಊರಿಗೆ ಕಳಿಸುತ್ತೇವೆ, ಮೂರನೇ ಕ್ಲಾಸನ್ನು ಅವಳು ಅಜ್ಜಿಯ ಹತ್ತಿರ ಇದ್ದು ಓದುತ್ತಾಳೆ. ನಮ್ಮತ್ತೆ ಯಲ್ಲವ್ವ ಇರುವುದು ಗುಳೇದಗುಡ್ಡದ ಹತ್ತಿರದ ಹಳ್ಳಿಯಲ್ಲಿ. ಅವರ ಮನೆಯಲ್ಲಿ ಫೋನಿಲ್ಲ. "ಕಳಸ್ತೀರೋ ಇಲ್ಲೋ, ಈ ವರ್ಷ ಮುಗಿಯೂದ್ರಾಗ ಒಂದು ಮಾತು ಹೇಳಿಬಿಡ್ರಿ. ಕಡೀ ದಿನ ಸಂಜಿ ಆರಕ್ಕ ಹಣಮಪ್ಪನ ಮನ್ಯಾಗ ಫೋನಿನ ಮುಂದ ಕುಂತಿರ್ತೀನಿ" ಎಂದು ದೀಪಾವಳಿಗೆ ಹೋದಾಗಲೇ ಹೇಳಿದ್ದರು. ಹಣಮಪ್ಪ ಅವರ ಪಕ್ಕದ ಮನೆಯವನು. ಭಾಗ್ಯಾಗೆ ಇದೇನೂ ಗೊತ್ತಿರಲಿಲ್ಲ.

ಕಳಿಸದೆ ಬೇರೆ ದಾರಿ ನನಗೆ ಕಂಡಿರಲಿಲ್ಲ. ನಾನು ಜಯನಗರದ ಒಂದು ಆಡಿಟರ್ ಆಫೀಸಿನಲ್ಲಿ ಟೈಪಿಸ್ಟು. ನನ್ನ ಗಂಡ ಸಿದ್ದಾರೂಢ ಕೊರಿಯರ್ ಕಂಪನಿಯಲ್ಲಿ. ಬಿಟಿಎಂ ಲೇಔಟಿನ ಈ ಮಹಡಿ ಮನೆಗೆ ನಾವಿಬ್ಬರೂ ಬಂದು ಸೇರುವಷ್ಟರಲ್ಲಿ ಏಳು ದಾಟಿರುತ್ತದೆ. ಭಾಗ್ಯಾಳ ಸ್ಕೂಲು ಮೂರೂವರೆಗೇ ಬಿಡುತ್ತದೆ. ನಡುವಿನ ಆ ಹೊತ್ತನ್ನು ಇಲ್ಲಿಯವರೆಗೆ ನಮಗೆ ದಾಟಿಸಿಕೊಟ್ಟವಳು ಕೆಳಗಡೆ ಓನರ್ ಮನೆಯ ಹುಡುಗಿ ಅರ್ಪಿತ. ನಾನು ಬಸ್ಸಿಳಿದು ಓಡಿಕೊಂಡು ಬರುವಾಗ ಅವಳು ಭಾಗ್ಯಾಳ ಕೈ ಹಿಡಿದು ಗೇಟಿನ ಹತ್ತಿರ ನಿಂತಿರುತ್ತಿದ್ದಳು. "ಬಂದ್ರು ನೋಡು ನಿಮ್ಮಮ್ಮ" ಎಂದು ನನಗೆ ಒಪ್ಪಿಸಿ ಒಳಗೆ ಹೋಗುತ್ತಿದ್ದಳು. ಅವಳ ಋಣ ಹೇಗೆ ತೀರಿಸುವುದೆಂದು ತಿಳಿಯದೆ ದೀಪಾವಳಿಗೆ ಊರಿನಿಂದ ಬರುವಾಗ ಒಂದು ಇಳಕಲ್ ಸೀರೆ ತಂದುಕೊಟ್ಟಿದ್ದೆ.

ಈಗ ಆ ಅರ್ಪಿತಾಳ ಮದುವೆ ಗೊತ್ತಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಮುಹೂರ್ತ, ಗಂಡಿನ ಮನೆ ಅಂಜನಾಪುರ. ಬೇಸಿಗೆ ರಜೆಯವರೆಗೆ ನನ್ನ ರಜೆ, ಇವರ ರಜೆ ಸೇರಿಸಿ ಹೇಗೋ ನೂಕಬಹುದು. ಆಮೇಲೆ?

ಅವಳ ಅಪ್ಪ ಅಮ್ಮನನ್ನೇ ಕೇಳಬಹುದಿತ್ತಲ್ಲ ಎಂದರೆ, ನನಗೆ ಬಾಯಿ ಬಂದಿರಲಿಲ್ಲ. ಅಮ್ಮ ಮುನಿಲಕ್ಷ್ಮಮ್ಮನವರಿಗೆ ಮಂಡಿನೋವು. ನಾವು ಮನೆ ನೋಡಲು ಬಂದ ದಿನವೇ, "ಒಂದೇ ಮಗು ತಾನೆ? ಮಹಡಿ ಮೇಲೆ ದಡಬಡ ಅನ್ನಂಗಿಲ್ಲ ಕಣಮ್ಮ, ನಂಗ್ ತಲೆ ಸಿಡೀತೈತೆ" ಎಂದಿದ್ದರು. ಅಪ್ಪ ಚಿಕ್ಕಬೈರಪ್ಪನವರು ಈ ಜಾಗ ಬಡಾವಣೆಯಾಗುವ ಮುಂಚೆ ಇಲ್ಲೇ ರಾಗಿ ಬೆಳೆಯುತ್ತಿದ್ದವರು. ಹೆಗಲ ಮೇಲೆ ಟವೆಲ್, ಗೇಟಿನ ಪಕ್ಕ ಕುರ್ಚಿ. ನನ್ನನ್ನು ಕಂಡರೆ ತಲೆಯನ್ನು ಒಂದಿಷ್ಟು ಅಲ್ಲಾಡಿಸಿ ರಸ್ತೆಯ ಕಡೆ ನೋಡುತ್ತಿದ್ದರು. ಬಾಡಿಗೆಯವರೊಂದಿಗೆ ಅಷ್ಟೇ ಮಾತು ಎಂದು ನಾನೂ ಸುಮ್ಮನಿದ್ದೆ.

ರಜೆ ಹಾಕುವುದಕ್ಕೆ ನಮ್ಮ ಆಫೀಸಿನ ಪದ್ಧತಿಯೂ ಒಂದು ಕಾರಣ. ವರ್ಷದ ಕೊನೆಯ ದಿನ ಸಂಜೆ ಸಾಹೇಬರು ಕೇಕು ತರಿಸುತ್ತಾರೆ. ಒಬ್ಬೊಬ್ಬರೇ ಎದ್ದು ನಿಂತು ಹೊಸ ವರ್ಷದ ಗುರಿ ಏನೆಂದು ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಹೋದ ವರ್ಷ ನಾನು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ಕಲಿಯುತ್ತೇನೆ ಎಂದಿದ್ದೆ. ಅದರ ಹಿಂದಿನ ವರ್ಷ ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆ ಎಂದಿದ್ದೆ. ಎರಡಕ್ಕೂ ಚಪ್ಪಾಳೆ ಬಿದ್ದಿತ್ತು. ಈ ವರ್ಷ ಎದ್ದು ನಿಂತು ಮಗಳನ್ನು ದೂರ ಕಳಿಸುವುದೇ ನನ್ನ ಗುರಿ ಎನ್ನಲೇ? ಅದಕ್ಕೂ ಅವರು ಚಪ್ಪಾಳೆ ತಟ್ಟಿಬಿಟ್ಟರೆ?

ಬ್ರೆಡ್ಡಿನ ಆಸೆ ಭಾಗ್ಯಾಳದ್ದು. ಅರ್ಪಿತ ಮಳೆಗಾಲದಲ್ಲಿ ಜಯನಗರದಲ್ಲಿ ಭಾನುವಾರಗಳಂದು ಬೇಕಿಂಗ್ ಕಲಿತು ಮನೆಯಲ್ಲಿ ಒಂದು ಬ್ರೆಡ್ ಮಾಡಿದ್ದಳು. ಅದರ ಒಂದು ತುಂಡು ತಿಂದು ಬಂದ ಇವಳು, "ಅವ್ವಾ, ಬೇಕರಿ ಬ್ರೆಡ್ ಬ್ಯಾರೆ, ಮನ್ಯಾಗ ಮಾಡಿದ್ದು ಬ್ಯಾರೆ. ನೀನೂ ಮಾಡ" ಎಂದು ದುಂಬಾಲು ಬಿದ್ದಿದ್ದಳು. ಬರುವ ಭಾನುವಾರ, ಬರುವ ಭಾನುವಾರ ಎಂದು ನಾನು ಮುಂದೂಡುತ್ತಲೇ ಬಂದೆ. ಹುಡುಗಿಯನ್ನು ಕಳಿಸುವ ಮಾತು ಇವತ್ತು ಫೋನಿನಲ್ಲಿ ಹೊರಬೀಳುವ ಮೊದಲು ಅದೊಂದನ್ನಾದರೂ ಮಾಡಿಬಿಡೋಣ ಎನ್ನಿಸಿತ್ತು.

ಭಾಗ್ಯಾಗೆ ಕ್ರಿಸ್ಮಸ್ ರಜೆ. ತಿಂಡಿಯಾದ ಮೇಲೆ, "ಕೆಳಗ ಹೋಗಿ ಆಡು, ಕರದಾಗ ಬಾ" ಎಂದೆ.

"ಇವತ್ತ ನೀ ಮನ್ಯಾಗ ಇದ್ದೀಯಲ್ಲ, ನಾ ಯಾಕ ಕೆಳಗ ಹೋಗ್ಲಿ?"

"ನನಗ ಕೆಲಸ ಐತಿ."

"ನಿನಗ ಯಾವಾಗ ಕೆಲಸ ಇರಂಗಿಲ್ಲ ಹೇಳು" ಎಂದು ಮೆಟ್ಟಿಲಿಳಿದಳು. ಅರ್ಧ ಮೆಟ್ಟಿಲಿನಲ್ಲೇ ಅವಳ ಮಾತು ಬದಲಾಗುತ್ತದೆ. ಮೇಲೆ 'ಐತಿ' ಎಂದವಳು ಕೆಳಗೆ ತಲುಪಿ, "ನಾನ್ ಬಂದೆ, ಬಾಗಿಲ್ ತೆಗೀರಿ" ಎನ್ನುತ್ತಿದ್ದುದು ಕೇಳಿಸಿತು.

ಅರ್ಪಿತ ಒಂದು ಪುಟ್ಟ ಡಬ್ಬಿಯಲ್ಲಿ ಈಸ್ಟ್ ಕೊಟ್ಟಿದ್ದಳು. ನೋಡಲು ಸಾಸಿವೆಗಿಂತ ಸಣ್ಣ ಕಂದು ಕಾಳು. "ಸ್ವಲ್ಪ ಬೆಚ್ಚಗಿರೋ ನೀರಿಗೆ ಒಂದ್ ಚಮಚ ಸಕ್ಕರೆ, ಆಮೇಲೆ ಇದನ್ನ ಹಾಕಿ ಬಿಟ್ಬಿಡಿ ಅಕ್ಕ. ನೊರೆ ಬಂದ್ಮೇಲೆ ಮೈದಾ ಕಲಸಿ. ತಾನೇ ಉಬ್ಬುತ್ತೆ" ಎಂದಿದ್ದಳು. ಅವಳು ಬೆಚ್ಚಗೆ ಎಂದಿದ್ದು ನನಗೆ ಚೆನ್ನಾಗಿ ಕೇಳಿಸಿತ್ತು. ಒಪ್ಪಿಗೆಯಾಗಿರಲಿಲ್ಲ, ಅಷ್ಟೇ. ನಾನು ಜೋಳದ ರೊಟ್ಟಿಯ ಮನೆಯಲ್ಲಿ ಹುಟ್ಟಿದವಳು. ಎಸರು ತಳಮಳ ಕುದಿಯುವ ಮೊದಲೇ ಹಿಟ್ಟಿಗೆ ನೀರು ತಾಗಿಸಿದರೆ ಜಿಗುಟು ಬರುವುದಿಲ್ಲ, ತಟ್ಟುವಾಗ ರೊಟ್ಟಿ ಅಂಚಿನಿಂದ ಸೀಳುತ್ತದೆ. ಇದು ಹಾಲು ಕುಡಿಯುವಾಗಲೇ ಕಲಿತ ಪಾಠ. ಪಾಪ, ಬೆಂಗಳೂರಿನ ಹುಡುಗಿ, ಕೈ ಸುಟ್ಟೀತೆಂದು ಬೆಚ್ಚಗೆ ಎಂದಿರಬೇಕು ಎಂದುಕೊಂಡು, ನೀರನ್ನು ಕುದಿಸಿ, ಸಕ್ಕರೆ ಕರಗಿಸಿ, ಕುದಿಯುತ್ತಿರುವಾಗಲೇ ಈಸ್ಟನ್ನು ಸುರಿದೆ. ನೊರೆ ಬರಲಿಲ್ಲ. ಹಿಟ್ಟಿಗೆ ಸೇರಿದ ಮೇಲೆ ಬರುತ್ತದೆಂದು ಮೈದಾ ಹಾಕಿ ಕಲಸತೊಡಗಿದೆ.

ಅಷ್ಟರಲ್ಲಿ ಮುನಿಲಕ್ಷ್ಮಮ್ಮನವರು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ನೀರು ಬಂದ ದಿನ ಟ್ಯಾಂಕು ನೋಡಲು ಮಾತ್ರ ಅವರು ಮೇಲೆ ಬರುವುದು. ಬಾಗಿಲಲ್ಲೇ ನಿಂತು ಮೂಗೇರಿಸಿದರು.

"ಇದೇನಮ್ಮ ರಾಜಶ್ರೀ, ಹುಳಿ ವಾಸ್ನೆ? ವರ್ಷದ ಕೊನೆ ಅಂತ ನಿಮ್ಮ್ ಯಜಮಾನ್ರು ಬಾಟ್ಲಿ ಗೀಟ್ಲಿ ತಂದಿಟ್ಟವ್ರಾ?"

"ಅಯ್ಯ ಇಲ್ರೀ ಅಮ್ಮಾರ. ಬ್ರೆಡ್ ಮಾಡಾಕತ್ತೀನಿ. ಇದು ಈಸ್ಟಿನ ವಾಸನಿ."

ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಹಿಟ್ಟನ್ನು ಒಂದು ಬೆರಳಿನಿಂದ ಒತ್ತಿ ನೋಡಿದರು. "ನೀರ್ ಕಾದಿತ್ತಾ?"

"ತಳಮಳ ಕುದಿಸೇನ್ರಿ."

"ಹಂಗಿದ್ರೆ ಸರಿ. ಮುದ್ದೆಗೂ ಅಷ್ಟೇಯ, ನೀರ್ ಮರಳ್ದಂಗೆ ಹಿಟ್ಟಾಕಿದ್ರೆ ಬರೀ ಗಂಟು. ರಾಗಿಯಾದ್ರೇನು ಮೈದಾ ಆದ್ರೇನು, ಹಿಟ್ಟು ಹಿಟ್ಟೇ."

ಜೋಳದವಳೂ ರಾಗಿಯವರೂ ಒಂದೇ ಮಾತು ಹೇಳಿದ ಮೇಲೆ ನನಗಿದ್ದ ಚೂರುಪಾರು ಅನುಮಾನವೂ ಹೋಯಿತು.

"ಆದ್ರೂ ಧನುರ್ಮಾಸದಲ್ಲಿ ಹೊಸದೇನೂ ಶುರು ಮಾಡ್ಬಾರ್ದು ಕಣಮ್ಮ" ಎಂದರು.

"ಬ್ರೆಡ್ಡಿಗೂ ಧನುರ್ಮಾಸ ಐತೇನ್ರಿ?"

"ಐನೋರನ್ನ ಕೇಳ್ಬೇಕು. ನಮ್ಮ್ ಕಾಲ್ದಲ್ಲಿ ಬ್ರೆಡ್ಡು ಜ್ವರ ಬಂದೋರ್ಗೆ ಕೊಡ್ತಿದ್ದದ್ದು. ಚೆನ್ನಾಗಿರೋರು ತಿಂದ್ರೆ ಜ್ವರ ಬತ್ತದೆ ಅನ್ನೋರು."

ನಗುತ್ತಾ ನಾದುತ್ತಿದ್ದೆ. ಮೈದಾ ಕೈಗಂಟುತ್ತಿತ್ತು. ಜೋಳದ ಹಿಟ್ಟಿನ ಸೊಗಸು ಇದಕ್ಕಿಲ್ಲ. ರಬ್ಬರಿನಂತೆ ಎಳೆದರೆ ಬರುತ್ತದೆ, ಬಿಟ್ಟರೆ ಹಿಂದಕ್ಕೋಡುತ್ತದೆ. ಮಾತಿಗೆ ಮಾತು ಎಂದು ಕೇಳಿದೆ, "ಹೊಸ ವರ್ಷಕ್ಕ ಎಲ್ಲಾರೂ ಏನರ ಅನ್ಕೋತಾರಲ್ರಿ. ನೀವೇನ್ ಅನ್ಕೊಂಡೀರಿ?"

"ನಮ್ ಹೊಸ್ ವರ್ಷ ಯುಗಾದೀಗೆ. ಈಗೇನಿದ್ರೂ ಮಗಳ ಮದ್ವೆ ಒಂದು ದಡ ಸೇರ್ಲಿ. ಆಮೇಲೆ ದಿನಾ ನೀರ್ ಬಿಟ್ರೆ ಸಾಕು, ಇನ್ನೇನೂ ಬ್ಯಾಡ. ನಿಂದೇನಮ್ಮ?"

"ಇನ್ನೂ ವಿಚಾರ ಮಾಡಾಕತ್ತೀನ್ರಿ" ಎಂದೆ.

"ಮಾಡು ಮಾಡು. ವಿಚಾರಕ್ಕೇನ್ ಕರೆಂಟ್ ಬಿಲ್ ಬರಾಕಿಲ್ಲ" ಎಂದು ಟ್ಯಾಂಕು ನೋಡಿಕೊಂಡು ಇಳಿದು ಹೋದರು.

ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಕೆಳಗಿಟ್ಟು ಕೂತೆ. ಹಗಲು ಹೊತ್ತಿನಲ್ಲಿ ನಮ್ಮ ಮನೆ ಹೇಗಿರುತ್ತದೆಂದು ನೋಡಿ ಎಷ್ಟು ಕಾಲವಾಗಿತ್ತೋ. ಭಾಗ್ಯಾಳ ಬಟ್ಟೆಗಳನ್ನು ಮಡಿಸಲು ತೆಗೆದುಕೊಂಡೆ. ಊರಿಗೆ ಹೋಗುವಾಗ ಯಾವುದು ಚಿಕ್ಕದಾಗಿರುತ್ತದೆ, ಯಾವುದು ಹೊಸದು ಬೇಕು ಎಂದು ನನ್ನ ಕೈಯೇ ಬೇರೆ ಬೇರೆ ಮಾಡತೊಡಗಿತು. ಅತ್ತೆ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಊರಿನಲ್ಲಿ ಬೆಳೆದರೆ ಕೆಡುಕೇನೂ ಇಲ್ಲ, ನಾನೂ ಬೆಳೆದಿಲ್ಲವೇ. ಆದರೆ ಬೆಳಿಗ್ಗೆ ಅವಳಿಗೆ ಜಡೆ ಹಾಕುವಾಗ ಸಿಗುವ ಆ ಹತ್ತು ನಿಮಿಷವೂ ಹೋದರೆ, ಆಮೇಲೆ ನಾನು ಯಾರ ಸಲುವಾಗಿ ಈ ಬಸ್ಸುಗಳ ಹಿಂದೆ ಓಡುವುದು? ಇವರನ್ನು ಕೇಳಿದರೆ, "ನೀ ಹೆಂಗಂತಿ ಹಂಗ" ಎನ್ನುತ್ತಾರೆ. ಹಾಗೆಂದವರು ರಾತ್ರಿಯೂಟಕ್ಕೆ ಕೂತಾಗ ಮಗಳ ಮುಖವನ್ನು ನೋಡುತ್ತಿರಲಿಲ್ಲ.

ಮಧ್ಯೆ ಮಧ್ಯೆ ಬಟ್ಟೆ ಎತ್ತಿ ನೋಡಿದೆ. ಹಿಟ್ಟು ನಾನು ಬಿಟ್ಟಾಗ ಹೇಗಿತ್ತೋ ಹಾಗೇ ಕಲ್ಲಿನಂತೆ ಕೂತಿತ್ತು. ಗಂಟೆ ಹನ್ನೆರಡಾಯಿತು. ಇವತ್ತಿನ ಒಂದು ಕೆಲಸವೂ ನೆಟ್ಟಗಾಗುವುದಿಲ್ಲ ಎಂದು ಅಳು ಬರುವ ಹಾಗಿತ್ತು.

ಆಗ ಅರ್ಪಿತ ಬಂದಳು, ಹಿಂದೆಯೇ ಸೊಂಟ ಹಿಡಿದುಕೊಂಡು ಅವಳಮ್ಮನೂ. "ಬಾರೇ, ನಿಮ್ಮಕ್ಕ ಬ್ರೆಡ್ ಉಬ್ಬಿಸ್ತಾವ್ಳೆ, ನೋಡಾವ" ಎಂದು ಅವರೇ ಕರೆತಂದಿದ್ದರು. ಅರ್ಪಿತ ಬಟ್ಟೆ ಸರಿಸಿದಳು, ಹಿಟ್ಟನ್ನು ಮುಟ್ಟಿದಳು, ನನ್ನ ಮುಖ ನೋಡಿದಳು.

"ಅಕ್ಕ, ನೀರು ಎಷ್ಟ್ ಬಿಸಿ ಇತ್ತು?"

"ಕುದಿಯಾಕತ್ತಿತ್ತು."

"ಕುದೀತಾ ಇದ್ದಿದ್ದಾ? ಸತ್ತೋಯ್ತಲ್ಲ ಅಕ್ಕ ಈಸ್ಟು. ಅದಕ್ಕೆ ಜೀವ ಇರತ್ತೆ."

"ಸಾಯಕ್ಕೆ ಅದೇನ್ ಕುರೀನಾ, ಕೋಳೀನಾ?" ಎಂದರು ಮುನಿಲಕ್ಷ್ಮಮ್ಮ.

"ಜೀವ ಇರೋ ವಸ್ತುನೇ ಕಣಮ್ಮ. ಸಕ್ಕರೆ ತಿಂದು ಉಸಿರು ಬಿಡತ್ತೆ, ಅದಕ್ಕೇ ಹಿಟ್ಟು ಉಬ್ಬೋದು. ಕ್ಲಾಸಲ್ಲಿ ಹೇಳ್ಕೊಟ್ರು."

ಅವರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನನ್ನತ್ತ ತಿರುಗಿದರು. "ನೋಡ್ದಾ? ನಾವು ಮೂರೊತ್ತೂ ಕೋಳಿ ತಿನ್ನೋರು, ಧನುರ್ಮಾಸ ಅಂತ ನಮ್ಮನೇಲೇ ಬರೀ ಸೊಪ್ಪು, ಕಾಳು. ಲಿಂಗ ಕಟ್ಟಿರೋ ಮನೇಲಿ ನೀನು ವರ್ಷದ ಕೊನೇ ದಿನ ಜೀವಹತ್ಯೆ ಮಾಡ್ಬುಟ್ಟಲ್ಲೇ ಪುಣ್ಯಾತ್ಗಿತ್ತಿ."

"ನೀವ ಹೇಳಿದ್ರಲ್ರೀ, ಹಿಟ್ಟು ಹಿಟ್ಟೇ ಅಂತ."

"ನಾನ್ ಹಿಟ್ಟಿನ್ ವಿಷ್ಯ ಹೇಳ್ದೆ. ಒಳಗಡೆ ಯಾರೋ ಅವ್ರೆ ಅಂತ ನನಗೇನ್ ಗೊತ್ತು?"

ಮೂವರೂ ನಕ್ಕೆವು. ಅರ್ಪಿತ ಡಬ್ಬಿ ಅಲ್ಲಾಡಿಸಿ, "ಇನ್ನೊಂದ್ ಸಲಕ್ಕೆ ಇದೆ ಅಕ್ಕ. ನಾನೇ ನಿಂತ್ಕೋತೀನಿ. ಕೈ ತೊಳ್ಕೊಂಡ್ ಬರ್ತೀನಿ ತಾಳಿ, ಈಗಷ್ಟೇ ಕ್ಲಾಸಿಂದ ಬಂದೆ" ಎಂದಳು. ಆಗಲೇ ನಾನು ಅವಳ ಬಗಲಿನಲ್ಲಿದ್ದ ಬ್ಯಾಗು ನೋಡಿದ್ದು.

"ಯಾವ ಕ್ಲಾಸು?"

"ಕಂಪ್ಯೂಟರ್ ಕ್ಲಾಸು. ಪದ್ಮನಾಭನಗರದಲ್ಲಿ. ಈ ವಾರ ಮಾತ್ರ ಬೆಳಿಗ್ಗೆ ಹಾಕಿದ್ದಾರೆ. ಬೇರೆ ದಿನ ನಾಲ್ಕಕ್ಕೆ ಇರತ್ತಲ್ಲ."

"ದಿನಾ ನಾಕಕ್ಕ?"

"ಹೂಂ, ಗಣೇಶನ ಹಬ್ಬದಿಂದ. ಬಸ್ ಹತ್ತಿ ಬರೋಷ್ಟರಲ್ಲಿ ಆರೂವರೆ ಆಗತ್ತೆ."

ಸತ್ತ ಹಿಟ್ಟನ್ನು ಪಾತ್ರೆಯಿಂದ ಬಿಡಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಗಣೇಶನ ಹಬ್ಬದಿಂದ, ದಿನವೂ, ನಾಲ್ಕರಿಂದ ಆರೂವರೆ. "ಹಂಗಾರ ಭಾಗ್ಯಾ?" ಎಂದೆ. "ಈಗ ಬೆಳಿಗ್ಗಿಂದ ಭಾಗ್ಯಾ ಎಲ್ಲಿದಾಳ?"

"ಎಲ್ಲಿರ್ತಾಳೆ, ಅವಳ್ ತಾತನ್ ಜೊತೆ" ಎಂದರು ಮುನಿಲಕ್ಷ್ಮಮ್ಮ, ಇದೇನು ಪ್ರಶ್ನೆ ಎಂಬಂತೆ. "ನಮ್ಮೋರ ಜೊತೆ. ದಿನಾ ಇರೋಂಗೆ."

ನಾನು ಕೈಯನ್ನೂ ತೊಳೆಯದೆ ಕೆಳಗಿಳಿದೆ. ಮನೆಯ ಹಿಂದೆ ಹಿಂದಿನ ಕಾಲದ ದನದ ಕೊಟ್ಟಿಗೆಯಿದೆ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ಆ ಕಡೆಯಿಂದ ಮಾತು ಕೇಳಿಸಿತು. ಗೋಡೆಯ ಮರೆಯಲ್ಲೇ ನಿಂತೆ.

ಚಾಪೆಯ ಮೇಲೆ ಚಿಕ್ಕಬೈರಪ್ಪನವರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎದುರಿಗೆ ಭಾಗ್ಯಾ. ನಡುವೆ ನೀರಿನಲ್ಲಿ ನೆನೆದ ಅವರೆಕಾಳಿನ ಪಾತ್ರೆ. ಒಂದೊಂದೇ ಕಾಳನ್ನು ಬೆರಳ ನಡು ಹಿಡಿದು ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ತಟ್ಟೆಗೆ ಬೀಳಬೇಕು. ಇವಳು ನನ್ನ ಮನೆಯಲ್ಲಿ ಬಟಾಣಿಯನ್ನೂ ಸುಲಿದವಳಲ್ಲ. ಇಲ್ಲಿ ಎರಡೂ ಕೈಯಲ್ಲಿ ಚಿಮ್ಮಿಸುತ್ತಿದ್ದಳು.

"ತಾತ, ನನ್ ತಟ್ಟೆಯಿಂದ ತಗೊಂಡ್ರಿ ನೀವು. ನಾನ್ ನೋಡ್ದೆ."

"ಎಲ್ ತಗೊಂಡೆ? ಅದಾಗದೇ ಹಾರ್ಕಂಡ್ ಬಂತು."

"ಬೇಳೆಗೆ ಕಾಲಿದ್ಯಾ?"

"ನಿಂಗಿಲ್ವಾ? ನೀನು ಮ್ಯಾಲಿಂದ ಹಾರ್ಕಂಡ್ ಬರಾಕಿಲ್ವಾ ಇಲ್ಲಿಗೆ?"

"ಮೋಸ. ಅಜ್ಜಿಗೆ ಹೇಳ್ತೀನಿ."

"ಹೇಳ್ಕೋ ಹೋಗು. ಅವಳ ಜೊತೆ ಮೋಸ ಮಾಡೇ ನಲವತ್ ವರ್ಷ ಸಂಸಾರ ಮಾಡಿವ್ನಿ" ಎಂದವರು ಇನ್ನೊಂದು ಹಿಡಿ ಕಾಳನ್ನು ಅವಳ ಕಡೆ ಸರಿಸಿದರು. "ಬೇಗ ಮುಗ್ಸು. ಬೇಸ್ಗೇಗೆ ಅರ್ಪಿತನ ರೂಮ್ ಖಾಲಿ ಆಯ್ತದೆ. ಅಲ್ಲೊಂದು ಟೇಬಲ್ ಹಾಕಿಸ್ತೀನಿ ನಿಂಗೆ. ಮೂರನೇ ಕ್ಲಾಸ್ಗೆ ಬರ್ಯೋದು ಜಾಸ್ತಿ ಇರ್ತದೆ, ನೆಲದ್ ಮೇಲೆ ಬರ್ದು ಕತ್ ನೋಯ್ತದೆ ಅಂತಿದ್ದಲ್ಲ."

ಗೋಡೆಗೆ ಕೈಯೂರಿಕೊಂಡೆ. ಹಿಟ್ಟಿನ ಅಚ್ಚು ಸುಣ್ಣದ ಮೇಲೆ ಮೂಡಿತು. ಭಾಗ್ಯಾ ನನ್ನನ್ನು ನೋಡಿ, "ಅವ್ವಾ, ಬ್ರೆಡ್ ಆತೇನ?" ಎಂದಳು. ಮುಚ್ಚಿಟ್ಟಿದ್ದ ಬ್ರೆಡ್ಡಿನ ಗುಟ್ಟು ಮುನಿಲಕ್ಷ್ಮಮ್ಮನವರಿಂದ ಅವಳಿಗೆ ಆಗಲೇ ಗೊತ್ತಾಗಿಹೋಗಿತ್ತು.

"ಇನ್ನೂ ಇಲ್ಲ. ಬ್ಯಾಳಿ ತಾಟ ಒಳಗ ಇಟ್ಟ ಬಾ, ಹೋಗು."

ಅವಳು ತಟ್ಟೆ ಎತ್ತಿಕೊಂಡು ಹೋದಳು. ಚಿಕ್ಕಬೈರಪ್ಪನವರು ಟವೆಲ್ಲಿನಿಂದ ಕೈಯೊರೆಸಿಕೊಂಡು ಎಂದಿನಂತೆ ತಲೆಯಾಡಿಸಿ ಬೇರೆ ಕಡೆ ನೋಡಿದರು. ಇಷ್ಟು ಹೊತ್ತು ಮಾತಾಡಿದ ಮನುಷ್ಯ ಇವರೇನಾ ಎನ್ನಿಸಿತು.

"ಅಪ್ಪಾರ," ಎಂದೆ, "ನಿಮಗೊಂದು ಮಾತು ಹೇಳಬೇಕ್ರಿ. ಜೂನ್‌ದಾಗ ಆಕಿನ್ನ ಊರಿಗೆ ಕಳಸಬೇಕಂತ ಮಾಡಿದ್ವಿ. ನಮ್ಮತ್ತಿ ಹತ್ರ. ಇವತ್ತ ಸಂಜಿಗೆ ಫೋನ್ ಮಾಡಿ ಹೇಳೋದೈತ್ರಿ."

ಅವರು ಪಾತ್ರೆಯಲ್ಲಿ ಉಳಿದ ಕಾಳನ್ನು ಕಲಕಿದರು.

"ಯಾಕಮ್ಮ, ನಮ್ ಕಡೆಯಿಂದ ಏನಾರ ತಪ್ಪಾಯ್ತಾ? ಒಂದಿನ ಮಳೇಲಿ ನೆಂದ್ಲು, ಅದ್ ನಿಜ. ಕೊಡೆ ಇತ್ತು ನನ್ ಕೈಲಿ, ಅವ್ಳೇ ನಿಲ್ಲಿಲ್ಲ."

"ಅಯ್ಯೋ, ಹಂಗಲ್ರೀ. ಅರ್ಪಿತಾ ಲಗ್ನ ಆಗಿ ಹೋದ್ರ ನೋಡ್ಕೊಳ್ಳೋರು ಯಾರೂ ಇರಂಗಿಲ್ಲಂತ. ಇಷ್ಟ ದಿನಾ ಆಕೀನ ನೋಡ್ಕೋತಾಳಂತ ತಿಳ್ಕೊಂಡಿದ್ದೆ ನಾನು."

ಅರ್ಪಿತ ಮತ್ತು ಅವಳಮ್ಮ ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದರು. ಮುನಿಲಕ್ಷ್ಮಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು, ಮಂಡಿನೋವನ್ನೂ ಮರೆತು, ಅಲ್ಲೇ ಕಟ್ಟೆಯ ಮೇಲೆ ಕುಸಿದು ನಗತೊಡಗಿದರು.

"ಇವ್ಳು? ಇವ್ಳಿಗೆ ಇವ್ಳ ದುಪಟ್ಟಾ ನೋಡ್ಕೊಳ್ಳಾಕೆ ಬರಾಕಿಲ್ಲ. ಸ್ಕೂಲಿಂದ ಕರ್ಕಂಡ್ ಬರೋರು ಇವ್ರು, ತಿನ್ಸೋಳು ನಾನು. ಸಾಯಂಕಾಲ ಬಂದು ಗೇಟಲ್ಲಿ ಫೋಟೋಗೆ ನಿಂತಂಗೆ ನಿಲ್ಲೋಳು ಇವ್ಳು. ಅದ್ಕೇ ಸೀರೆ ಕೊಟ್ಟಾ ನೀನು? ನಾನು ಮದ್ವೆ ಉಡುಗೊರೆ ಅಂದ್ಕಂಡಿದ್ದೆ."

"ನಾನೂ ಹಂಗೇ ಅಂದ್ಕೊಂಡೆ ಅಕ್ಕ" ಎಂದಳು ಅರ್ಪಿತ, ಕಿವಿಯವರೆಗೆ ಕೆಂಪಾಗಿ. "ವಾಪಸ್ ಕೊಡ್ಲಾ?"

"ನೀನ ಇಟ್ಕೋ. ಆದರ ನೀವ್ಯಾರೂ ಒಂದ್ ಮಾತು ಹೇಳ್ಲಿಲ್ಲಲ್ರೀ ಅಮ್ಮಾರ."

"ನೀನ್ ಯಾವತ್ತು ಕೇಳ್ದೆ? ಏಳ್ ಗಂಟೆಗೆ ಬತ್ತೀಯ, ಮಗಾನ ಎಳ್ಕಂಡು ಮ್ಯಾಕ್ ಓಡ್ತೀಯ. ಹಿಂದ್ಗಡೆಯಿಂದ ಪೊಲೀಸ್ನೋರ್ ಬತ್ತಾವ್ರೇನೋ ಅನ್ನಂಗೆ. ಕಾಫಿ ಕುಡಿ ಬಾ ಅನ್ನಾಕೂ ಬಿಡ್ತಿರ್ಲಿಲ್ಲ."

"ಮತ್ತ ಗದ್ದಲ ಆದ್ರ ತಲಿ ಸಿಡೀತೈತಿ ಅಂದಿದ್ರಿ."

"ಅದು ಮೂರ್ ವರ್ಷದ್ ಹಿಂದ್ಲ ಮಾತು. ಬಾಡಿಗೆಗ್ ಬರೋರ್ಗೆಲ್ಲ ಹಂಗೇ ಅನ್ನೋದು. ಮದ್ಲೇ ಸದರ ಕೊಟ್ರೆ ಆಯ್ತದಾ?"

ಚಿಕ್ಕಬೈರಪ್ಪನವರು ಕೆಮ್ಮಿದರು. ಅವರು ನನ್ನ ಮುಖ ನೋಡಿಯೇ ಕೇಳಿದರು, "ಫೋನು ಎಷ್ಟೊತ್ಗಮ್ಮ?"

"ಆರಕ್ಕರೀ."

"ಬ್ಯಾಡ ಅಂತ ಹೇಳ್ಬುಡು. ಮಗು ಇಲ್ಲೇ ಇರ್ಲಿ. ನಮ್ಗೆ ಹುಷಾರು ತಪ್ಪಿದ್ ದಿನ ನೀನೋ ನಿನ್ ಗಂಡನೋ ಬೇಗ ಬಂದೀರಂತೆ. ಉಳಿದಿದ್ ದಿನ ನಾನೇನ್ ಮಾಡ್ಲಿ ಈ ಕುರ್ಚಿ ಮೇಲೆ ಕೂತ್ಕಂಡು? ಎಷ್ಟೂಂತ ರೋಡ್ ನೋಡ್ಲಿ?"

ನಾನು ಹೂಂ ಎಂದೆ. ಅವರ ಚಾಪೆಯ ತುದಿಯಲ್ಲಿ ಕೂತುಬಿಟ್ಟೆ. ಕೂತವಳು ಏನು ಮಾಡಬೇಕೆಂದು ತಿಳಿಯದೆ ಒಂದು ಅವರೆಕಾಳು ತೆಗೆದು ಹಿತುಕಿದೆ. ಬೇಳೆ ಹಾರಿ ಎಲ್ಲೋ ಸ್ಕೂಟರಿನ ಕೆಳಗೆ ಬಿತ್ತು.

"ಹಿಂಗಲ್ಲವ್ವಾ" ಎಂದು ವಾಪಸು ಬಂದ ಭಾಗ್ಯಾ ನನ್ನ ಪಕ್ಕ ಕೂತಳು.

ಎರಡನೆಯ ಹಿಟ್ಟನ್ನು ಅರ್ಪಿತ ನಿಂತು ಮಾಡಿಸಿದಳು. ನೀರಿಗೆ ಕಿರುಬೆರಳು ಅದ್ದಿ, "ಮಗುಗೆ ಸ್ನಾನ ಮಾಡ್ಸೋಷ್ಟು ಬಿಸಿ, ಅಷ್ಟೇ ಅಕ್ಕ" ಎಂದಳು. ನೋಡುತ್ತಿದ್ದಂತೆ ನೀರಿನ ಮೇಲೆ ಕೆನೆಗಟ್ಟಿದಂತೆ ನೊರೆ ಎದ್ದಿತು. ಮುನಿಲಕ್ಷ್ಮಮ್ಮ ಬಗ್ಗಿ ನೋಡಿ, "ಬದುಕವ್ರೆ, ಬದುಕವ್ರೆ" ಎಂದರು. ಸತ್ತ ಹಿಟ್ಟನ್ನು ಬಿಸಾಡಲು ಅವರು ಬಿಡಲಿಲ್ಲ. ಅದನ್ನೇ ತಟ್ಟಿ ಹೆಂಚಿನ ಮೇಲೆ ಬೇಯಿಸಿದೆವು. ದಪ್ಪ, ಗಟ್ಟಿ, ಅಗಿದರೆ ದವಡೆ ನೋಯುತ್ತಿತ್ತು. ಹಿತುಕಿದ ಬೇಳೆ ಸಾರಿನಲ್ಲಿ ಅದ್ದಿ ಚಿಕ್ಕಬೈರಪ್ಪನವರು ಎರಡು ತಿಂದು, "ಚೆನ್ನಾಗದೆ. ಇದೇನಾ ಬ್ರೆಡ್ಡು?" ಎಂದರು.

ಓವನ್ ನಮ್ಮ ಮನೆಯಲ್ಲೂ ಇಲ್ಲ, ಕೆಳಗೂ ಇಲ್ಲ; ಅರ್ಪಿತ ಮಾಡಿದ್ದೂ ಕುಕ್ಕರಿನಲ್ಲೇ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದವರಿಂದ ಭಾಗ್ಯಾ ಒಂದು ತಂಬಿಗೆ ಮರಳು ಕೇಳಿ ತಂದಳು. ಕುಕ್ಕರಿನ ರಬ್ಬರು, ಸೀಟಿ ಎರಡನ್ನೂ ತೆಗೆದು, ತಳಕ್ಕೆ ಮರಳು ಹಾಕಿ ಕಾಯಿಸಿ, ಉಬ್ಬಿದ ಹಿಟ್ಟಿನ ಡಬ್ಬಿಯನ್ನು ಅದರೊಳಗಿಟ್ಟು ಮುಚ್ಚಿದೆವು. ಸಣ್ಣ ಉರಿ. ಸ್ವಲ್ಪ ಹೊತ್ತಿಗೆ ಮುಚ್ಚಳದ ತೂತಿನಿಂದ ಬರತೊಡಗಿದ ವಾಸನೆಗೆ ಭಾಗ್ಯಾ ಅಡುಗೆಮನೆ ಬಿಟ್ಟು ಕದಲಲಿಲ್ಲ. ನಾನೂ ಕದಲಲಿಲ್ಲ. ಅವಳು ನನ್ನ ತೊಡೆಗೆ ಒರಗಿಕೊಂಡು ಕೂತು, ತಾತ ಹೇಗೆ ಚೌಕಾಬಾರದಲ್ಲೂ ಮೋಸ ಮಾಡುತ್ತಾರೆ, ಅಜ್ಜಿ ಹೇಗೆ ಸೀರಿಯಲ್ ನೋಡುತ್ತಾ ನಿದ್ದೆ ಹೋಗುತ್ತಾರೆ ಎಂದು ಒಂದೊಂದೇ ಹೇಳುತ್ತಿದ್ದಳು. ಇದನ್ನೆಲ್ಲ ಮೊದಲು ಯಾಕೆ ಹೇಳಿರಲಿಲ್ಲ ಎಂದು ಕೇಳಲು ಹೋಗಲಿಲ್ಲ. ಹೇಳಲು ಕೂರುವಷ್ಟು ಹೊತ್ತು ನಾನು ಅವಳ ಹತ್ತಿರ ಕೂತಿದ್ದೇ ಇಲ್ಲ.

ಆಗ ನನಗೆ ಹೊಸ ವರ್ಷದ ಗುರಿ ಹೊಳೆಯಿತು. ಆಫೀಸಿನಲ್ಲಿ ಹೇಳಿದ್ದರೆ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ದಿನಾ ಸಂಜೆ ಬಂದಾಗ ಗೇಟಿನಿಂದ ನೇರ ಮೇಲೆ ಓಡದೆ ಕೆಳಗಿನ ಮನೆಯಲ್ಲಿ ಸ್ವಲ್ಪ ಹೊತ್ತು ಕೂರುವುದು. ಅಷ್ಟೇ. ಎಲ್ಲ ಕಾಲಕ್ಕೂ ಇದೇ ವ್ಯವಸ್ಥೆ ನಡೆಯುವುದಿಲ್ಲ ಎಂದು ಗೊತ್ತು. ಅವರಿಗೆ ವಯಸ್ಸಾಗುತ್ತದೆ, ನಾವು ಮನೆ ಬದಲಾಯಿಸಬಹುದು. ಅದು ಮುಂದಿನ ಮಾತು. ಒಂದು ವರ್ಷಕ್ಕೆ ಒಂದು ವರ್ಷದ ನೆಮ್ಮದಿ ಸಾಕು.

ಬ್ರೆಡ್ಡು ಒಂದು ಕಡೆ ಕಪ್ಪಾಗಿತ್ತು, ನೆತ್ತಿ ಸೀಳಿತ್ತು. ಆದರೂ ಉಬ್ಬಿತ್ತು. ಬಿಸಿಯಲ್ಲೇ ಕತ್ತರಿಸಬಾರದು ಎಂದು ಅರ್ಪಿತ ಹೇಳುತ್ತಿದ್ದಂತೆಯೇ ಅವಳಮ್ಮ ಒಂದು ಮೂಲೆ ಮುರಿದುಕೊಂಡಿದ್ದರು. ಎಲ್ಲರೂ ತಿನ್ನುತ್ತಿರುವಾಗ ಗಡಿಯಾರ ನೋಡಿ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಎಸ್‌ಟಿಡಿ ಬೂತಿನ ಮುಂದೆ ಹೊಸ ವರ್ಷದ ಶುಭಾಶಯ ಹೇಳುವವರ ಸಾಲಿತ್ತು. ಇವರು ಆಫೀಸಿನಿಂದ ಬೇಗ ಹೊರಟು ನೇರವಾಗಿ ಬಂದು ಆಗಲೇ ಸಾಲಿನಲ್ಲಿ ನಿಂತಿದ್ದರು. ಮುಖ ಸಣ್ಣಗಾಗಿತ್ತು. "ಏನ್ ಹೇಳೂದು ಅಂತ ದಾರಿ ತುಂಬ ವಿಚಾರ ಮಾಡ್ಕೋತ ಬಂದೆ" ಎಂದರು.

"ಕಳಸಂಗಿಲ್ಲ ಅನ್ರಿ."

ನಡೆದಿದ್ದನ್ನೆಲ್ಲ ಹೇಳಿದೆ. ಅವರು ಎರಡು ಸಲ ಕೇಳಿದರು, "ಖರೇನ?" ಮೂರನೆಯ ಸಲ ಕೇಳಲು ಬಾಯಿ ತೆರೆದವರು ಬೂತಿನ ಗಾಜಿನ ಕಡೆ ತಿರುಗಿಕೊಂಡು ಕರವಸ್ತ್ರ ಹುಡುಕತೊಡಗಿದರು. "ನೀನ ಮಾತಾಡು ಅವ್ವನ ಜೋಡಿ. ನನಗ ಈಗ ಆಗಂಗಿಲ್ಲ."

ಒಂದೇ ರಿಂಗಿಗೆ ಅತ್ತೆ ಫೋನೆತ್ತಿದರು. ನಾನು ಹೇಳಬೇಕಾದ್ದನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಭಾಗ್ಯಾಳನ್ನು ಕಳಿಸುವುದಿಲ್ಲ, ಇಲ್ಲೇ ನೋಡಿಕೊಳ್ಳುವವರಿದ್ದಾರೆ, ನೀವು ಬೇಸರ ಮಾಡಿಕೊಳ್ಳಬೇಡಿ. ಅವರಿಗೆ ನೋವಾಯಿತೇನೋ ಎಂದುಕೊಂಡೆ.

"ಕಳಸಂಗಿಲ್ಲಾ? ಖರೇ ಹೇಳ್ತೀಯಾ?"

"ಖರೇರೀ ಅತ್ತಿ."

ಫೋನನ್ನು ಬದಿಗೆ ಸರಿಸಿ ಅವರು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಏ ಹಣಮಪ್ಪಾ, ನಾಳಿ ಎಮ್ಮಿ ಸಂತಿಗೆ ಹೊಡಿಯೂದು ಬ್ಯಾಡೋ. ಉಳೀತು." ಮತ್ತೆ ಫೋನಿಗೆ ಬಂದರು. "ಎಮ್ಮೀನೂ ಕೂಸನ್ನೂ ಎರಡೂ ನೋಡೂದು ನನ್ನ ಕೈಲೆ ನೀಗಂಗಿಲ್ಲವ್ವ. ಕೂಸಿನ ಸಲುವಾಗಿ ಎಮ್ಮಿ ಮಾರಬೇಕಂತ ಮಾಡಿದ್ದೆ. ರಾತ್ರೆಲ್ಲ ನಿದ್ದಿ ಇಲ್ಲ ನೋಡು."

"ಮದಲ ಹೇಳಬಾರದೇನ್ರೀ ಅತ್ತಿ?"

"ಹೆಂಗ ಹೇಳೂದು? ಮಮ್ಮಗಳಿಗಿಂತ ಎಮ್ಮಿ ಹೆಚ್ಚಾತೇನು ಅಂತೀರಿ ನೀವು. ರಜಾಕ್ಕ ಕರ್ಕೊಂಡ್ ಬರ್ರಿ, ಹೈನ ಐತಿ, ತುಪ್ಪ ಕಾಸಿ ಇಟ್ಟಿರ್ತೀನಿ."

ನಗು ತಡೆಯಲಾಗದೆ ಬೂತಿನಿಂದ ಹೊರಗೆ ಬಂದೆ. ಇವರು ಗಾಬರಿಯಲ್ಲಿ ನಿಂತಿದ್ದರು. "ಏನಂದ್ಲು ಅವ್ವ? ಸಿಟ್ಟಾದ್ಲೇನ?"

"ಎಮ್ಮಿ ಉಳೀತಂತ."

"ಯಾವ ಎಮ್ಮಿ?"

ಹೇಳುತ್ತಾ ನಡೆದೆವು. ಆ ಹೊತ್ತಿಗೆ ದಿನವೂ ನಾವಿಬ್ಬರೂ ಬೇರೆ ಬೇರೆ ಬಸ್ಸುಗಳಲ್ಲಿ ನಿಂತುಕೊಂಡು ಗಡಿಯಾರ ನೋಡುತ್ತಿರುತ್ತಿದ್ದೆವು. ಮನೆಗೆ ಹೋಗುವ ಅವಸರ ಈಗ ಇರಲಿಲ್ಲ. ಮೂಲೆಯ ದರ್ಶಿನಿಯ ಮುಂದೆ ಇವರು ನಿಂತು, "ಒಂದು ಬೈ-ಟು ಕಾಫಿ ಕುಡಿಯೂಣೇನ?" ಎಂದರು.

"ಬೈ-ಟು ಯಾಕ್ರೀ," ಎಂದೆ, "ಒಂದೊಂದು ಪೂರ್ತಿ ಕುಡಿಯೂಣ."